ಬ್ಯಾಸಗಿಗೆ ರಾಜೋಳಿ ಸೀರಿ ಯಾಕ ತಂಪು?

ರಾಜೋಳಿ: ತುಂಗಭದ್ರೆ ದಂಡೆಯ ಈ ನೇಕಾರರ ಊರಿನ ಗದ್ವಾಲ ಸೀರೆಗೆ ಅಂಚು-ಸೆರಗು ರೇಷ್ಮೆ, ಒಡಲು ಹತ್ತಿ. ನೋಡುವವರ ಕಣ್ಣು ಅಂಚಿಗೆ, ಉಟ್ಟವರಿಗೆ ತಂಪು ಒಡಲಿನಿಂದ.

ಹತ್ತಿ ಹವೆಯಿಂದಲೇ ತೂಕದ ಸುಮಾರು ಶೇ. 8ರಷ್ಟು ತೇವ ಹಿಡಿಯುತ್ತದೆ, ಪಾಲಿಯೆಸ್ಟರ್ ಶೇ. 0.4 ಮಾತ್ರ. ಹತ್ತಿ ಬೆವರು ಹೀರಿ ಹೊರಗೆ ಆರಲು ಬಿಡುತ್ತದೆ. ಹೆಣೆದ ಹತ್ತಿ ಬನಿಯನ್ನಿಗೂ ಇದೇ ಲೆಕ್ಕ. ಆದರೆ ಪೂರಾ ತೊಯ್ದರೆ ತಡವಾಗಿ ಆರುತ್ತದೆ, ಮೈಗೆ ಅಂಟುತ್ತದೆ.

2009ರ ಅಕ್ಟೋಬರ್ ನೆರೆಯಲ್ಲಿ ಮನೆ, ಮಗ್ಗ ಕಳಕೊಂಡ ಊರಿದು. ಈಗ ಪಾಲಿಯೆಸ್ಟರ್ ನಕಲಿನ ಕಾಟ. ಮದುವೆ ಜವಳಿಗೆ ಹೋಗುವವರು ಅಂಗಡಿಯವರನ್ನು ಕೇಳಿ ಒಡಲಿನ ಒಂದೆಳೆ ಸುಟ್ಟು ನೋಡಲಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ, ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಗುಂಡು.