ಆಟದ ನೋಟೀಸು, ಬಳಗದ ಸಂಚಿಕೆ: ಕಿರು ಮುದ್ರಣವನ್ನು ಕೂಡಿಡುವ ಬಗೆ

ಮಂಗಳೂರಿನಲ್ಲಿ ಹಳೆಯ ಹೆಂಚಿನ ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ಕಾಗದದ ಕಟ್ಟುಗಳಲ್ಲಿ ಪುಸ್ತಕವೂ ಅಲ್ಲದ, ದಿನಪತ್ರಿಕೆಯೂ ಅಲ್ಲದ ಒಂದು ಬಗೆ ಇರುತ್ತದೆ. ಯಕ್ಷಗಾನ ಮೇಳದ ಬಣ್ಣದ ನೋಟೀಸು, ತಾಳಮದ್ದಳೆ ಕೂಟದ ಆಮಂತ್ರಣ, ಕಲಾಭಿಮಾನಿ ಬಳಗದ ದಶಮಾನೋತ್ಸವದ ಸ್ಮರಣ ಸಂಚಿಕೆ, ಕಾಲೇಜು ಹುಡುಗರ ಕೈಬರಹದ ಪತ್ರಿಕೆ, ನಾಲ್ಕಾರು ಸಂಚಿಕೆ ಕಂಡು ನಿಂತುಹೋದ ತುಳು ಅಥವಾ ಕೊಂಕಣಿ ಮಾಸಿಕ. ಗುಜರಿಯವರು ಇದನ್ನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ. ಒಂದು ಕಲೆಯನ್ನು ಮೆಚ್ಚಿದ ಜನ ತಮ್ಮ ಕೈಯಿಂದಲೇ ಖರ್ಚು ಹಾಕಿ ಅಚ್ಚು ಮಾಡಿಸಿದ ಕಾಗದವಿದು. ಹೆಚ್ಚಿನ ಪಾಲು ಯಾವ ಗ್ರಂಥಾಲಯದ ಪಟ್ಟಿಯಲ್ಲೂ ಇಲ್ಲ. ಇದನ್ನು ಉಳಿಸುವುದು ಹೇಗೆ, ಕಾಲ ಗುರುತಿಸುವುದು ಹೇಗೆ, ಮುಂದೆ ಯಾರ ಕೈಗೆ ಕೊಡಬೇಕು ಎಂಬುದೇ ಈ ಬರಹ.

ಅಭಿಮಾನಿಗಳ ಕಿರುಪತ್ರಿಕೆಯನ್ನು ಜತನ ಮಾಡುವ ಪರಿಪಾಠ ಹೊರದೇಶಗಳಲ್ಲಿ ಗಟ್ಟಿಯಾಗಿದೆ. ಡ್ರಾಕುಲಾನಂಥ ರಕ್ತಪಿಪಾಸುಗಳ ಕಥೆ ಮೆಚ್ಚಿದವರು 1965ರಲ್ಲಿ ನ್ಯೂಯಾರ್ಕ್‌ನಲ್ಲಿ ಕೌಂಟ್ ಡ್ರಾಕುಲಾ ಫ್ಯಾನ್ ಕ್ಲಬ್ ಕಟ್ಟಿದರು; 1973ರಲ್ಲಿ ಲಂಡನ್ನಿನಲ್ಲಿ ಡ್ರಾಕುಲಾ ಸೊಸೈಟಿ ಹುಟ್ಟಿತು. ಅಂಥ ಕೂಟಗಳ ಪತ್ರಿಕೆಗಳು ಅಂಚೆಯಲ್ಲಿ ಸದಸ್ಯರ ಮನೆಗಷ್ಟೇ ಹೋಗುತ್ತಿದ್ದವು. ಅಭಿಮಾನಿಗಳ ಪತ್ರಿಕೆಗೆ ‘ಫ್ಯಾನ್‌ಜಿನ್’ ಎಂಬ ಹೆಸರು 1940ರಷ್ಟು ಹಳೆಯದು. ಈಗ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಂಥ ಕಡೆ ಫ್ಯಾನ್‌ಜಿನ್‌ಗಳಿಗೆಂದೇ ಸಂಗ್ರಹಗಳಿವೆ. ಅವು ಅಲ್ಲಿಗೆ ಮುಟ್ಟಿದ್ದು ಯಾರೋ ಒಬ್ಬರು ತಮ್ಮ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರಿಂದ.

ನಮ್ಮೂರಲ್ಲಿ ಅಂಥ ಕಾಗದಕ್ಕೆ ಬರವಿಲ್ಲ. ಬಾಸೆಲ್ ಮಿಶನ್ ಮುದ್ರಣಾಲಯ ಇಲ್ಲಿ 1841ರಲ್ಲಿ ಆರಂಭವಾಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1882ರಲ್ಲಿ ಕೊಡಿಯಾಲಬೈಲ್ ಪ್ರೆಸ್ ಬಂತು. 1912ರಲ್ಲಿ ‘ಕೊಂಕ್ಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಕನ್ನಡ ಲಿಪಿಯಲ್ಲಿ ಕೊಂಕಣಿ ಓದುಗರನ್ನು ತಲುಪಿದವು. ಉಡುಪಿಯಲ್ಲಿ ಪಾವಂಜೆ ಗುರುರಾವ್ ಅಂಡ್ ಸನ್ಸ್ ಅಗ್ಗದ ಪ್ರಸಂಗ ಪುಸ್ತಕಗಳನ್ನು ಅಚ್ಚು ಹಾಕಿ ಭಾಗವತರ ಕೈಗಿತ್ತರು. ಊರು ದೊಡ್ಡದಲ್ಲದಿದ್ದರೂ ಮೊಳೆ ಜೋಡಿಸುವವರು, ತಿದ್ದುವವರು, ಬೈಂಡಿನವರು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರು. ಹತ್ತು ಜನ ಅಭಿಮಾನಿಗಳು ಚಂದಾ ಎತ್ತಿದರೆ ಸಂಚಿಕೆಯೊಂದು ಹೊರಬರುವುದು ಕಷ್ಟವಿರಲಿಲ್ಲ. ಮುಂಬಯಿಯಿಂದಲೂ ಕಾಗದ ಬರುತ್ತಿತ್ತು; ಅಲ್ಲಿನ ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’ ಮಾಸಿಕ ಇಲ್ಲಿನ ಕಡಲ ತಡಿಯ ಮನೆಗಳಲ್ಲಿ ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ಪ್ರಕಟವಾದ ಪುಸ್ತಕ, ಪತ್ರಿಕೆಗಳನ್ನು ಕೋಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕೆಂದು 1954ರ ಕಾನೂನು ಹೇಳುತ್ತದೆ. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಅಚ್ಚಾದ ಬಳಗದ ಹಾಳೆಯನ್ನು ಅಲ್ಲಿ ಹುಡುಕಿ ಫಲ ಕಡಿಮೆ. ಹಾಗಾಗಿ ಮನೆಯ ಕಪಾಟೇ ಮೊದಲ ಭಂಡಾರ.

ಏನನ್ನು ಎತ್ತಿಡಬೇಕು? ಸಂಚಿಕೆಯನ್ನು ಎಲ್ಲರೂ ಇಡುತ್ತಾರೆ. ಸಂಚಿಕೆಯ ಸುತ್ತ ಇದ್ದದ್ದನ್ನು ಎಸೆಯುತ್ತಾರೆ. ನನ್ನ ಮಟ್ಟಿಗೆ ಆ ಸುತ್ತಣದ್ದೇ ಹೆಚ್ಚು ಬೆಲೆಯದು. ಬಳಗದ ರಬ್ಬರ್ ಮೊಹರು, ರಶೀದಿ ಪುಸ್ತಕ, ಸಭೆಯ ನಡಾವಳಿ, ಚಂದಾದಾರರ ವಿಳಾಸಪಟ್ಟಿ, ಪ್ರೆಸ್ಸಿನ ಬಿಲ್ಲು, ಕಲಾವಿದರು ಬರೆದ ಒಪ್ಪಿಗೆಯ ಕಾರ್ಡು. ಎಷ್ಟು ಪ್ರತಿ ಅಚ್ಚಾಯಿತು, ದುಡ್ಡು ಎಲ್ಲಿಂದ ಬಂತು, ಪತ್ರಿಕೆ ಯಾಕೆ ನಿಂತಿತು ಎಂಬುದೆಲ್ಲ ಇವುಗಳಲ್ಲೇ ಸಿಗುವುದು. ಜಾಹೀರಾತಿನ ಪುಟ ಹರಿದು ಲೇಖನವನ್ನಷ್ಟೇ ಇಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಬೀಡಿ ಕಂಪೆನಿ, ಹೆಂಚಿನ ಕಾರ್ಖಾನೆ, ಬಸ್ಸಿನ ಮಾಲಕರು, ರಥಬೀದಿಯ ಜವಳಿ ಅಂಗಡಿ ಕೊಟ್ಟ ಕಾಲುಪುಟದ ಶುಭಾಶಯವೇ ಆ ಕಾಲದಲ್ಲಿ ಆಟವನ್ನು ಪೊರೆದವರ ಪಟ್ಟಿ.

ನೋಟೀಸುಗಳ ತೊಡಕು ಇರುವುದು ಇಸವಿಯಲ್ಲಿ. ತಾರೀಕು, ವಾರ, ಪ್ರಸಂಗದ ಹೆಸರು ಇರುತ್ತದೆ, ವರ್ಷ ಇರುವುದಿಲ್ಲ. ನಾಳಿದ್ದಿನ ಆಟಕ್ಕೆ ಇಸವಿ ಯಾಕೆ? ಇಲ್ಲಿ ಹಲವು ಸುಳಿವುಗಳನ್ನು ಒಟ್ಟಿಗೆ ಹಿಡಿಯಬೇಕು. ಒಂದು ನೋಟೀಸಿನಲ್ಲಿ ‘ಜನವರಿ 14, ಶನಿವಾರ’ ಎಂದಿದೆ, ನೆಲದ ಟಿಕೇಟಿನ ದರ ನ.ಪೈ.ಗಳಲ್ಲಿದೆ ಎಂದುಕೊಳ್ಳಿ. ಜನವರಿ 14 ಶನಿವಾರ ಬಿದ್ದದ್ದು 1950, 1956, 1961, 1967, 1978ರಲ್ಲಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ‘ನಯಾ’ ಬಿಟ್ಟುಹೋದದ್ದು 1964ರ ಜೂನ್ 1ಕ್ಕೆ. ಆದ್ದರಿಂದ ಆ ಆಟ ನಡೆದದ್ದು 1961ರ ಮಕರ ಸಂಕ್ರಮಣದ ರಾತ್ರಿ.

ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ ನಮ್ಮ ಜಿಲ್ಲೆಯ ಮಟ್ಟಿಗೆ 1956ರ ನವೆಂಬರ್ 1ರಿಂದ 1973ರ ನವೆಂಬರ್ 1ರವರೆಗಿನ ಅವಧಿ. ಅದಕ್ಕೂ ಮುಂಚೆ ನಾವು ಮದರಾಸಿನವರು. ಕಾಸರಗೋಡು ನಮ್ಮ ಜೊತೆಗಿದ್ದ ತಾಲೂಕು. ಉಡುಪಿಯನ್ನು ಜಿಲ್ಲೆ ಎಂದು ಕರೆದಿದ್ದರೆ 1997ರ ನಂತರದ್ದು. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ: ಪರಾಭವ ಎಂದರೆ 1906, 1966 ಅಥವಾ 2026ರ ಯುಗಾದಿಯಿಂದ ಮುಂದಿನ ವರ್ಷ. ಈ ಮೂರರಲ್ಲಿ ಯಾವುದೆಂದು ಕಾಗದ ನೋಡಿದರೇ ತಿಳಿಯುತ್ತದೆ. ಇನ್ನು ಬೇಶದ ಹತ್ತಕ್ಕೆ, ಅಂದರೆ ಮೇ ಕೊನೆಯ ಪತ್ತನಾಜೆಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜುಲೈ ತಾರೀಕಿನ ನೋಟೀಸು ಸಿಕ್ಕಿದರೆ ಅದು ತಾಳಮದ್ದಳೆಯದೋ, ಮುಂಬಯಿ ಪ್ರವಾಸದ್ದೋ ಎಂದು ನೋಡಿ.

ಮುದ್ರಣದ ರೀತಿಯನ್ನೂ ಬೆರಳೇ ಹೇಳುತ್ತದೆ. ಹಾಳೆಯ ಹಿಂಬದಿ ಸವರಿದಾಗ ಅಕ್ಷರದ ಉಬ್ಬು ತಾಗಿದರೆ ಅದು ಮೊಳೆಯಚ್ಚು. ಒರಟಾದ, ಶಾಯಿ ಹೀರುವ ಕಾಗದದಲ್ಲಿ ಅಕ್ಷರದ ಅಂಚು ತುಸು ಹರಡಿದ್ದರೆ ಸೈಕ್ಲೋಸ್ಟೈಲ್. ನುಣುಪಾಗಿ, ಉಬ್ಬಿಲ್ಲದೆ, ಫೋಟೊ ಸಣ್ಣ ಚುಕ್ಕಿಗಳಾಗಿ ಕಂಡರೆ ಆಫ್‌ಸೆಟ್.

ಈಗ ರಕ್ಷಣೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ನೂರಕ್ಕೆ 65 ದಾಟಿ ನಿಂತರೆ ಬೂಸಲು ಏಳುತ್ತದೆ, ನಮ್ಮಲ್ಲಿ ಆಟಿ ತಿಂಗಳಿಡೀ ದಾಟಿಯೇ ಇರುತ್ತದೆ. ಆದುದರಿಂದ ಕಟ್ಟನ್ನು ಗೋಡೆಗೆ ತಾಗಿಸಿ ಇಡಬೇಡಿ, ನೆಲದಲ್ಲೂ ಬೇಡ. ಕಬ್ಬಿಣದ ಟ್ರಂಕಿನಲ್ಲಿಟ್ಟು ಮರೆತರೆ ಒಳಗೇ ಬೆವರುತ್ತದೆ. ಗಾಳಿಯಾಡುವ ಕಪಾಟಿನಲ್ಲಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ಮಲಗಿಸಿ ಇಡುವುದು ಒಳ್ಳೆಯದು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲ ಬದಲಿಸುತ್ತಿರಿ. ಒದ್ದೆಯಾದದ್ದನ್ನು ಬಿಸಿಲಿಗೆ ಹಾಕಬಾರದು. ಪುಟಗಳ ನಡುವೆ ಒತ್ತುಕಾಗದ ಇಟ್ಟು, ನೆರಳಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ.

ಕಿರುಪತ್ರಿಕೆಗಳ ಮೊದಲ ಶತ್ರು ಅವುಗಳ ಸ್ಟೇಪಲ್ ಪಿನ್ನು. ಕಡಲ ಗಾಳಿಗೆ ಅದು ತುಕ್ಕು ಹಿಡಿದು ನಡುಹಾಳೆಯನ್ನೇ ತಿನ್ನುತ್ತದೆ. ಪಿನ್ನಿನ ಕಾಲನ್ನು ಚಪ್ಪಟೆ ಉಪಕರಣದಿಂದ ಮೆಲ್ಲನೆ ನೆಟ್ಟಗೆ ಮಾಡಿ ತೆಗೆದು, ಅದೇ ತೂತಿನಲ್ಲಿ ಹತ್ತಿಯ ದಾರ ಪೋಣಿಸಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅಂಟು ಕಂದಾಗಿ ಅಕ್ಷರ ಮುಳುಗುತ್ತದೆ. ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು, ಹಿಂದೆಗೆಯಲು ದಾರಿಯೇ ಇಲ್ಲ. ನ್ಯೂಸ್‌ಪ್ರಿಂಟು ಹಳದಿಯಾಗುವುದು ಮರದ ತಿರುಳಿನ ಲಿಗ್ನಿನ್‌ನಿಂದ. ಬೆಳಕು ತಪ್ಪಿಸಿದರೆ ಆ ಕೇಡು ನಿಧಾನವಾಗುತ್ತದೆ. ಹುಳು ಕಂಡರೆ ಒಣಗಿದ ಕಟ್ಟನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಕಾಯಬೇಕು. ಫೋಟೊಗಳಿಗೆ ಈ ಉಪಾಯ ಬೇಡ.

ಸ್ಕ್ಯಾನ್ ಮಾಡುವಾಗ 300 ಡಿಪಿಐಗಿಂತ ಕಡಿಮೆ ಬೇಡ, ಸಣ್ಣಕ್ಷರಕ್ಕೆ 600. ರಕ್ಷಾಪುಟ, ಅಂಚೆ ಮೊಹರು, ಅಂಚಿನ ಪೆನ್ಸಿಲ್ ಗುರುತು ಎಲ್ಲವೂ ಬರಲಿ. ಮೂಲ ಪ್ರತಿ ಟಿಫ್‌ನಲ್ಲಿರಲಿ, ಹಂಚಲು ಪಿಡಿಎಫ್ ಸಾಕು. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಕನ್ನಡದ ಹಳೆಯ ಮುದ್ರಣಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಿದೆ. ಯಕ್ಷವಾಹಿನಿಯ ಸ್ವಯಂಸೇವಕರು ಪ್ರಸಂಗಗಳನ್ನು ಡಿಜಿಟಲ್ ಕೋಶವಾಗಿ ಕೂಡಿಸಿದ್ದಾರೆ. ಬಹಿರಂಗವಾಗಿ ಹಂಚುವ ಮೊದಲು ಹಕ್ಕನ್ನು ನೋಡಿ. 1957ರ ಕಾಯ್ದೆಯಂತೆ ಲೇಖಕರು ತೀರಿದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 2006ರಲ್ಲಿ ಅಗಲಿದ ಯಕ್ಷಗಾನ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ಲೇಖನ 2066ರ ಕೊನೆಯವರೆಗೆ ಹಕ್ಕಿನೊಳಗಿನದು. ಹೆಸರಿಲ್ಲದ ಬರಹಕ್ಕೆ ಪ್ರಕಟಣೆಯಿಂದ 60 ವರ್ಷ.

ಕಾಗದಕ್ಕಿಂತ ಮುಂಚೆ ಹೋಗುವುದು ನೆನಪು. ಬಳಗದ ಹಳೆಯ ಕಾರ್ಯದರ್ಶಿಯನ್ನೋ ಖಜಾಂಚಿಯನ್ನೋ ಕಾಣಲು ಹೋದಾಗ ಸಂಚಿಕೆಯನ್ನು ಕೈಯಲ್ಲಿ ಹಿಡಿದೇ ಹೋಗಿ. ‘ಆ ಕಾಲ ಹೇಗಿತ್ತು’ ಎಂದರೆ ‘ಚೆನ್ನಾಗಿತ್ತು’ ಎಂದಷ್ಟೇ ಬರುತ್ತದೆ. ಪ್ರೂಫ್ ತಿದ್ದಿದ್ದು ಯಾರು, ಪ್ರೆಸ್ಸಿಗೆ ಸಾಲ ಉಳಿದಿತ್ತೇ, ಈ ಫೋಟೊದ ಬ್ಲಾಕ್ ಎಲ್ಲಿ ಮಾಡಿಸಿದ್ದು, ಇದರಲ್ಲಿ ಮೂರನೆಯವರು ಯಾರು ಎಂದು ಪುಟ ತೋರಿಸಿ ಕೇಳಿ. ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಫೋಟೊದ ಹಿಂದೆ ಮೃದು ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಹೆಂಗಸರನ್ನು ಮರೆಯಬೇಡಿ, ಪತ್ರಿಕೆ ಮಡಚಿ, ವಿಳಾಸ ಬರೆದು, ಅಂಚೆಚೀಟಿ ಅಂಟಿಸಿದ ಮನೆಯವರ ಹೆಸರು ಸಂಪಾದಕ ಮಂಡಳಿಯಲ್ಲಿ ಇರುವುದಿಲ್ಲ.

ಮನೆಯಲ್ಲಿ ಇಟ್ಟುಕೊಳ್ಳಲಾಗದ ದಿನ ಬಂದರೆ ಕೇಳಿನೋಡುವ ಜಾಗಗಳಿವೆ: ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಯಕ್ಷಗಾನ ಅಧ್ಯಯನ ಕೇಂದ್ರ, ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ, ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಶಕ್ತಿನಗರದ ವಿಶ್ವ ಕೊಂಕಣಿ ಕೇಂದ್ರ. ಕಟ್ಟನ್ನು ಬಾಗಿಲಲ್ಲಿಟ್ಟು ಬರಬೇಡಿ. ಮೊದಲು ಪಟ್ಟಿ ಮಾಡಿ: ಶೀರ್ಷಿಕೆ, ಸಂಪುಟ, ಸಂಚಿಕೆ, ತಾರೀಕು, ಮುದ್ರಕರ ಹೆಸರು, ಪುಟ, ಕೊರತೆ, ಯಾರ ಮನೆಯಿಂದ ಬಂದದ್ದು. ಎರಡು ಪ್ರತಿ ತೆಗೆದು ಒಂದಕ್ಕೆ ಅವರ ಸಹಿ, ಮೊಹರು ಹಾಕಿಸಿಕೊಳ್ಳಿ. ಸಂಗ್ರಹವನ್ನು ಚದುರಿಸದೆ ಒಂದೇ ಹೆಸರಿನಡಿ ಇಡಬೇಕು, ಓದಲು ಬಂದವರಿಗೆ ತೋರಿಸಬೇಕು, ಬೇಡವಾದರೆ ಗುಜರಿಗೆ ಹಾಕದೆ ನಮಗೇ ತಿಳಿಸಬೇಕು ಎಂಬ ಮೂರು ಮಾತು ಸಹಿಯಾದ ಆ ಪಟ್ಟಿಯಲ್ಲಿ ಬರಹದಲ್ಲೇ ಇರಲಿ.