ಮುಟ್ಟು ನಿಂತ ಮೇಲೆ: ಹೇಳಲು ನಾಚುವ ಒಂದು ತೊಂದರೆ

ಇವತ್ತಿನ ವಿಷಯ ಮನೆಯಲ್ಲಿ ನಾಲ್ಕು ಜನ ಕೂತಾಗ ಬರುವ ಮಾತಲ್ಲ. ಹೊಲದ ಬದುವಿನ ಮೇಲೆ ಗೆಳತಿಯರ ನಡುವೆ ಕೂಡ ಅರ್ಧ ಹೇಳಿ ಅರ್ಧ ನುಂಗುವ ಮಾತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಯೋನಿ ಒಣಗುವುದು, ಉರಿಯುವುದು, ಗಂಡನೊಡನೆ ಕೂಡುವಾಗ ನೋಯುವುದು. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಎಷ್ಟೋ ಜನ ಸುಮ್ಮನಾಗುತ್ತಾರೆ. ಇದ್ದದ್ದೇ ನಿಜ, ಆದರೆ ಸಹಿಸಿಕೊಂಡೇ ಇರಬೇಕೆಂದಿಲ್ಲ. ಹಾರ್ಮೋನ್ ಔಷಧ ಮುಟ್ಟದೆಯೇ ಮಾಡಿಕೊಳ್ಳಬಹುದಾದ ಪರಿಹಾರಗಳಿವೆ.

ಮೊದಲು, ಇದು ಯಾಕೆ ಆಗುತ್ತದೆ ಎಂಬುದನ್ನು ತಿಳಿಯೋಣ. ಗರ್ಭಕೋಶದ ಎರಡು ಪಕ್ಕಕ್ಕೆ ಎರಡು ಅಂಡಾಶಯಗಳಿವೆ. ಈಸ್ಟ್ರೋಜೆನ್ ಎಂಬ ಹಾರ್ಮೋನ್ ಹುಟ್ಟುವುದು ಮುಖ್ಯವಾಗಿ ಅಲ್ಲಿ. ಯೋನಿಯ ಒಳಪದರವನ್ನು ದಪ್ಪಗೆ, ಒದ್ದೆಯಾಗಿ, ಹಿಗ್ಗುವಂತೆ ಇಡುವುದು ಈ ಹಾರ್ಮೋನ್. ಹಾಲನ್ನು ಮೊಸರು ಮಾಡುವ ಜಾತಿಯ ಸೂಕ್ಷ್ಮಜೀವಿಗಳು ಯೋನಿಯಲ್ಲೂ ವಾಸವಾಗಿದ್ದು, ಅಲ್ಲಿ ಹುಳಿಯ ಅಂಶವನ್ನು ಕಾಪಾಡಿ, ಕೆಟ್ಟ ಕ್ರಿಮಿಗಳನ್ನು ದೂರವಿಡುತ್ತವೆ. ಈಸ್ಟ್ರೋಜೆನ್ ಇಳಿದಾಗ ಪದರ ತೆಳುವಾಗುತ್ತದೆ, ಪಸೆ ಆರುತ್ತದೆ, ಆ ಒಳ್ಳೆಯ ಜೀವಿಗಳೂ ಕಡಿಮೆಯಾಗುತ್ತವೆ. ಆದ್ದರಿಂದಲೇ ಉರಿಯ ಜೊತೆಗೆ ಕೆಲವರಿಗೆ ಪದೇ ಪದೇ ಉರಿಮೂತ್ರವೂ ಬರುತ್ತದೆ.

ಹನ್ನೆರಡು ತಿಂಗಳು ಒಂದೇ ಸಮ ಮುಟ್ಟು ಬಾರದಿದ್ದರೆ ಮುಟ್ಟು ನಿಂತಿತು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46-47ರ ವಯಸ್ಸಿಗೆ ಆಗುತ್ತದೆ. ಮೈ ಬಿಸಿಯಾಗಿ ಬೆವರುವುದು ವರ್ಷಗಳು ಕಳೆದಂತೆ ಸಾಮಾನ್ಯವಾಗಿ ತಗ್ಗುತ್ತದೆ. ಒಣಗುವ ತೊಂದರೆ ಹಾಗಲ್ಲ. ಬಿಟ್ಟರೆ ಹೆಚ್ಚುವುದೇ ಹೆಚ್ಚು.

ಕೆಲವರಿಗೆ ಇದು ಬೇಗನೆ ಬರುತ್ತದೆ. ಗರ್ಭಕೋಶ ತೆಗೆಯುವಾಗ ಅಂಡಾಶಯಗಳನ್ನೂ ತೆಗೆದಿದ್ದರೆ, ಮೂವತ್ತೈದರ ಹೆಂಗಸಿಗೂ ಒಂದೇ ದಿನದಲ್ಲಿ ಮುಟ್ಟು ನಿಂತ ಸ್ಥಿತಿ ಬರುತ್ತದೆ. ಇದು ನಮ್ಮ ಗಡಿಭಾಗಕ್ಕೆ ದೂರದ ಮಾತಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಇಡೀ ದೇಶದಲ್ಲಿ ನೂರಕ್ಕೆ ಸುಮಾರು 3 ಇದ್ದರೆ, ತೆಲಂಗಾಣದಲ್ಲಿ ಸುಮಾರು 8, ಆಂಧ್ರಪ್ರದೇಶದಲ್ಲಿ ಸುಮಾರು 9. ನಿಮಗೆ ಅಂಥ ಶಸ್ತ್ರಚಿಕಿತ್ಸೆ ಆಗಿದ್ದರೆ, ಅಂಡಾಶಯ ಉಳಿಸಿದ್ದಾರೆಯೇ ಎಂದು ಆಸ್ಪತ್ರೆಯ ಕಾಗದ ತೋರಿಸಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಇನ್ನು ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ಹಾರ್ಮೋನ್ ಔಷಧ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಇಂಥವರಿಗೆ ಹಾರ್ಮೋನ್ ಇಲ್ಲದ ದಾರಿಯೇ ಮೊದಲ ದಾರಿ.

ಈಗ ಪರಿಹಾರಕ್ಕೆ ಬರೋಣ. ಮೊದಲನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ. ಕೆಡಿಸುವುದನ್ನು ನಿಲ್ಲಿಸುವುದು. ಉರಿ ಇದೆಯೆಂದು ಸೋಪು ಹಚ್ಚಿ ತಿಕ್ಕುವುದು, ಗಾಯ ತೊಳೆಯುವ ಔಷಧ ಬೆರೆಸಿದ ನೀರು ಹಾಕುವುದು, ಒಳಗೆ ಬೆರಳಿಟ್ಟು ತೊಳೆಯುವುದು, ಇವೆಲ್ಲ ಇರುವ ಪಸೆಯನ್ನೂ ಕಳೆಯುತ್ತವೆ. ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು. ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಒಳಉಡುಪು ಹತ್ತಿಯದಿರಲಿ.

ಎರಡನೆಯದು, ಪಸೆ ಹಿಡಿದಿಡುವ ಜೆಲ್. ಇದಕ್ಕೆ ಮಾಯಿಶ್ಚರೈಸರ್ ಎನ್ನುತ್ತಾರೆ. ಮುಖಕ್ಕೆ ಹಚ್ಚುವ ಕ್ರೀಮು ಇದಲ್ಲ, ಯೋನಿಗೆಂದೇ ಮಾಡಿದ್ದು ಬೇರೆ ಇರುತ್ತದೆ. ಹೈಲುರಾನಿಕ್ ಆಮ್ಲ ಇರುವ ಜೆಲ್ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ವಾರಕ್ಕೆ ಎರಡು ಮೂರು ಸಲ, ರಾತ್ರಿ ಮಲಗುವಾಗ, ಅದರೊಡನೆ ಬರುವ ಕೊಳವೆಯಿಂದ ಒಳಗೆ ಹಾಕಿಕೊಳ್ಳಬೇಕು. ಗಂಡ ಹೆಂಡತಿ ಕೂಡಲಿ ಬಿಡಲಿ, ತಪ್ಪದೆ ಹಾಕಬೇಕು. ವಿಧವೆಯರಿಗೂ ಒಂಟಿಯಾಗಿರುವವರಿಗೂ ಇದು ಬೇಕಾಗುತ್ತದೆ, ಏಕೆಂದರೆ ಉರಿ ನಡೆಯುವಾಗ, ಕೂರುವಾಗಲೂ ಇರುತ್ತದೆ. ಎರಡು ದಿನಕ್ಕೆ ಗುಣ ಕಾಣದೆಂದು ಬಿಡಬೇಡಿ. ಕೆಲವು ವಾರ ಬಳಸಿ ನೋಡಿ.

ಇದರಿಂದ ನಿಜವಾಗಿ ಗುಣವಾಗುತ್ತದೆಯೇ ಎಂದು ಕೇಳಬಹುದು. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 302 ಹೆಂಗಸರನ್ನು ಮೂರು ಗುಂಪು ಮಾಡಿ 12 ವಾರ ನೋಡಿದರು. ಒಂದು ಗುಂಪಿಗೆ ಯೋನಿಯಲ್ಲಿಡುವ ಈಸ್ಟ್ರೋಜೆನ್ ಮಾತ್ರೆ, ಇನ್ನೊಂದಕ್ಕೆ ಮಾಯಿಶ್ಚರೈಸರ್, ಮತ್ತೊಂದಕ್ಕೆ ಔಷಧವಿಲ್ಲದ ಸಾದಾ ಜೆಲ್. ಹೆಚ್ಚು ಕಾಡುವ ತೊಂದರೆ ಮೂರು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿತ್ತು. ಅಂದರೆ ಎಲ್ಲರಿಗೂ ದುಬಾರಿ ಔಷಧವೇ ಬೇಕೆಂದಿಲ್ಲ.

ಮೂರನೆಯದು, ಜಾರುವ ಜೆಲ್. ಲೂಬ್ರಿಕೆಂಟ್ ಎಂದು ಕೇಳಿದರೆ ಕೊಡುತ್ತಾರೆ. ಇದು ಕೂಡುವ ಹೊತ್ತಿಗೆ ಮಾತ್ರ, ಇಬ್ಬರೂ ಹಚ್ಚಿಕೊಳ್ಳುವಂಥದ್ದು. ತಿಕ್ಕಾಟ ತಗ್ಗಿಸುತ್ತದೆಯೇ ಹೊರತು ಪದರಕ್ಕೆ ಪಸೆ ತುಂಬುವುದಿಲ್ಲ. ಆದ್ದರಿಂದ ಅನೇಕರಿಗೆ ಎರಡೂ ಬೇಕಾಗುತ್ತವೆ. ನೀರಿನದು, ಸಿಲಿಕೋನಿನದು ಎಂದು ಎರಡು ಬಗೆ. ಸಿಲಿಕೋನಿನದು ಹೆಚ್ಚು ಹೊತ್ತು ನಿಲ್ಲುತ್ತದೆ. ಪರಿಮಳ ಬೆರೆಸಿದ್ದು, ಬಿಸಿ ತರಿಸುವಂಥದ್ದು ಬೇಡ. ಗ್ಲಿಸರಿನ್ ಬಹಳ ಇದ್ದರೆ ಕೆಲವರಿಗೆ ಉರಿಯುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಬಹುದೇ? ಶುದ್ಧವಾದ, ಪರಿಮಳ ಬೆರೆಸದ ಎಣ್ಣೆ ಹೊರಚರ್ಮಕ್ಕೆ ಹಲವರಿಗೆ ಒಗ್ಗುತ್ತದೆ. ಆದರೆ ನಿರೋಧ್ ಬಳಸುವವರು ಯಾವ ಎಣ್ಣೆಯನ್ನೂ ಹಚ್ಚಬಾರದು. ಎಣ್ಣೆ ತಾಗಿದರೆ ಆ ರಬ್ಬರು ಹರಿಯುತ್ತದೆ. ಮುಟ್ಟು ಏರುಪೇರಾಗಿದ್ದರೂ ಪೂರ್ತಿ ನಿಲ್ಲುವವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ ಎಂಬುದನ್ನು ಮರೆಯಬೇಡಿ.

ನೋವಿನ ಹೆದರಿಕೆಯಿಂದ ಕೆಳಗಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಬಿಗಿದಷ್ಟೂ ನೋವು. ಆ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಈ ಕಾರ್ಯಕ್ರಮವನ್ನು ಗಂಡಸರೂ ಕೇಳುತ್ತಿರಬಹುದು. ಅಣ್ಣಂದಿರೇ, ಹೆಂಡತಿ ದೂರ ಸರಿದರೆ ಅದು ಬೇಸರವಲ್ಲ, ನೋವಿರಬಹುದು. ಅವಸರ ಮಾಡದಿರುವುದು, ಬೇಡವೆಂದ ದಿನ ಬಿಡುವುದು, ಇದೂ ಚಿಕಿತ್ಸೆಯೇ.

ದೊಡ್ಡ ಊರುಗಳಲ್ಲಿ ಲೇಸರ್ ಚಿಕಿತ್ಸೆಯ ಜಾಹೀರಾತು ಕಾಣುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಇದರ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತು. 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ನಿಜವಾದ ಲೇಸರಿಗೂ ಸುಮ್ಮನೆ ನಟಿಸಿದ ಲೇಸರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆಂದು ಸಾಲ ಮಾಡಬೇಡಿ.

ಕೆಲವು ಲಕ್ಷಣಗಳಿಗೆ ಜೆಲ್ ನಂಬಿ ಕೂರಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ. ಕ್ಯಾನ್ಸರಿನ ಮೊದಲ ಗುರುತು ಅದಾಗಿರಬಹುದು. ದುರ್ವಾಸನೆಯ ಸ್ರಾವ, ಬಿಳಿ ಮಚ್ಚೆ, ಹುಣ್ಣು, ಬಿಡದ ತುರಿಕೆ ಇದ್ದರೂ ತೋರಿಸಿ. ತುರಿಕೆ ಇರುವವರು ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ. ಜೆಲ್‌ನಿಂದ ಗುಣ ಸಿಗದಿದ್ದರೆ, ಇಲ್ಲವೇ ಉರಿಮೂತ್ರ ಮರಳಿ ಮರಳಿ ಬಂದರೆ, ಯೋನಿಯಲ್ಲೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಇದೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅದು ನಿಮಗೆ ಸರಿಯೇ ಎಂದು ವೈದ್ಯರು ನಿರ್ಧರಿಸಲಿ.

ಕೊನೆಗೆ ನಮ್ಮ ಗಡಿಯವರದ್ದೇ ಆದ ಒಂದು ಕಷ್ಟ. ಮನೆಯ ಮಾತು ಕನ್ನಡ, ಆಸ್ಪತ್ರೆಯ ಮಾತು ಇನ್ನೊಂದು. ಸಂತೆಯ ವ್ಯವಹಾರಕ್ಕೆ ಸಾಕಾಗುವ ಆ ಭಾಷೆ ಇಂಥ ಮಾತಿಗೆ ಸಾಕಾಗುವುದಿಲ್ಲ. ಮಾತು ತಿರುಗಿಸಲು ಮಗ ಪಕ್ಕದಲ್ಲಿ ನಿಂತಿರುತ್ತಾನೆ. ಮಗನ ಮುಂದೆ ತಾಯಿ ಸೊಂಟನೋವು ಎಂದಷ್ಟೇ ಹೇಳಿ, ನೋವಿನ ಮಾತ್ರೆ ತೆಗೆದುಕೊಂಡು ಬರುತ್ತಾಳೆ. ಆದ್ದರಿಂದ ಒಂದೇ ಒಂದು ಶಬ್ದ ಕಲಿತುಕೊಳ್ಳಿ. ಒಣಗುವುದಕ್ಕೆ ಮರಾಠಿಯಲ್ಲಿ ‘ಕೋರಡೇಪಣಾ’, ತೆಲುಗಿನಲ್ಲಿ ‘ಪೊಡಿಬಾರಡಂ’, ತಮಿಳಿನಲ್ಲಿ ‘ವರಟ್ಚಿ’, ಮಲಯಾಳದಲ್ಲಿ ‘ವರಳ್ಚ’ ಎನ್ನುತ್ತಾರೆ. ಮಗನನ್ನು ಹೊರಗೆ ಕೂರಿಸಿ, ನರ್ಸಮ್ಮನಿಗೋ ಆಶಾ ಕಾರ್ಯಕರ್ತೆಗೋ ಆ ಒಂದು ಮಾತು ಹೇಳಿ, ಎಲ್ಲಿ ಎಂದು ಕೈ ತೋರಿಸಿ. ಅಷ್ಟು ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.