ಕಾಲುವೆಯ ಚಿತ್ರದಲ್ಲಿ ಕೊನೆ ಭಾಗದ ರೈತ ಎಲ್ಲಿದ್ದಾನೆ?

'ಕೊನೆ ಭಾಗಕ್ಕೆ ನೀರು ತಲುಪಿಲ್ಲ.' ರಾಯಚೂರು ಜಿಲ್ಲೆಯ ಈ ಸುದ್ದಿಯನ್ನು ನೀವು ಹಲವು ಸಲ ಓದಿರುತ್ತೀರಿ. ರಸ್ತೆ ತಡೆ ಆಗುತ್ತೆ, 104ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ ಅಂತ ಮನವಿ ಹೋಗುತ್ತೆ, ಭರವಸೆ ಸಿಗುತ್ತೆ. ಆದರೆ ನೀರು ನಿಂತಿದ್ದು ಯಾವ ಗೇಟಿನ ಹತ್ತಿರ, ಯಾವ ತೂಬಿನ ನಂತರ? ಇದಕ್ಕೆ ಒಂದೇ ಹಾಳೆಯಲ್ಲಿ ಉತ್ತರ ಸಿಗೋದು ಕಷ್ಟ. ಆ ಹಾಳೆಯನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹುಡುಗ ಹುಡುಗಿಯರೇ ತಯಾರಿಸಬಹುದು. ಅದಕ್ಕೆ ಒಂದು ಉಚಿತ ತಂತ್ರಾಂಶ ಮತ್ತು ನಮ್ಮದೇ ಕೆಲವು ಆಕೃತಿಗಳು ಬೇಕು, ಅಷ್ಟೇ.

ಬರೀ ಚೌಕ ಸಾಕಾಗಲ್ಲ

ಕಾಲುವೆಯನ್ನು ಗೆರೆಗಳಲ್ಲಿ ತೋರಿಸುವ ಚಿತ್ರಕ್ಕೆ ನೀರಾವರಿ ಕಚೇರಿಗಳಲ್ಲಿ 'ಲೈನ್ ಡಯಾಗ್ರಾಂ' ಅನ್ನುತ್ತಾರೆ. ಇಂಥ ಚಿತ್ರ ಬರೆಯೋಕೆ ಮೈಕ್ರೋಸಾಫ್ಟ್ ವಿಸಿಯೊ ಇದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು. ಡ್ರಾ.ಐಒ ಉಚಿತ. ಬ್ರೌಸರಿನಲ್ಲೂ ನಡೆಯುತ್ತೆ, ಡೌನ್‌ಲೋಡ್ ಮಾಡಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತೆ.

ಎರಡರಲ್ಲೂ ಸಿದ್ಧ ಆಕೃತಿಗಳು ರಾಶಿ ರಾಶಿ ಸಿಗುತ್ತವೆ: ಸರ್ವರ್, ಡೇಟಾಬೇಸ್, ಕಚೇರಿಯ ಕುರ್ಚಿ ಮೇಜು. ತೂಬು ಹುಡುಕಿದರೆ ಸಿಗಲ್ಲ. ಹಾಗಂತ ಎಲ್ಲದಕ್ಕೂ ಚೌಕ ಹಾಕಿದರೆ ವಿತರಣಾ ಕಾಲುವೆಯ ಗೇಟು, ಹೊಲದ ತೂಬು, ಕಾಲುವೆಗೆ ಇಳಿಬಿಟ್ಟ ಅನಧಿಕೃತ ಪಂಪ್‌ಸೆಟ್ ಎಲ್ಲವೂ ಒಂದೇ ಥರ ಕಾಣುತ್ತವೆ. ಜಗಳ ಇರೋದೇ ಆ ವ್ಯತ್ಯಾಸದಲ್ಲಿ.

ತೂಬು ತಯಾರಿಸುವುದು ಹೇಗೆ?

ಡ್ರಾ.ಐಒದಲ್ಲಿ ಅರೇಂಜ್, ಇನ್ಸರ್ಟ್, ಶೇಪ್ ಎಂದು ಹೋದರೆ ಒಂದು ಪಠ್ಯದ ಕಿಟಕಿ ತೆರೆಯುತ್ತೆ. ಅಲ್ಲಿ ಆಕೃತಿಯನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯಬೇಕು. ಮೊದಲು ಅಗಲ, ಎತ್ತರ. ಆಮೇಲೆ ಪೆನ್ನು ಎಲ್ಲಿಂದ ಎಲ್ಲಿಗೆ ಸಾಗಬೇಕು ಎಂಬ ಸಾಲುಗಳು. ಕೊನೆಗೆ, ಗೆರೆಗಳು ಬಂದು ಅಂಟಿಕೊಳ್ಳುವ ಬಿಂದುಗಳು. ಬಿಂದುವಿನ ಜಾಗವನ್ನು 0ರಿಂದ 1ರೊಳಗಿನ ಅಂಕಿಯಲ್ಲಿ ಹೇಳುತ್ತೇವೆ: ಎಡ ಅಂಚು 0, ಬಲ ಅಂಚು 1. ತೂಬಿಗೆ ಎಡಕ್ಕೊಂದು ಬಿಂದು, ಬಲಕ್ಕೊಂದು ಬಿಂದು ಕೊಟ್ಟರೆ ನೀರು ಒಳಬರುವ, ಹೊರಹೋಗುವ ದಾರಿ ಖಚಿತವಾಗುತ್ತೆ. ಆಮೇಲೆ ಆಕೃತಿಯನ್ನು ಎಲ್ಲಿಗೆ ಸರಿಸಿದರೂ ಗೆರೆ ಬಿಟ್ಟುಹೋಗಲ್ಲ.

ಹೀಗೆ ಮಾಡಿದ ಗೇಟು, ತೂಬು, ಗೇಜ್, ಹಳ್ಳಗಳನ್ನು ಒಂದು ಲೈಬ್ರರಿ ಕಡತದಲ್ಲಿ ಉಳಿಸಿ ವಾಟ್ಸಾಪಿನಲ್ಲಿ ಕಳಿಸಬಹುದು. ಪಡೆದವರು ಅದನ್ನು ತೆರೆದು ತಮ್ಮ ಊರಿನ ಕಾಲುವೆ ಬರೆಯಬಹುದು.

ಆಕೃತಿಯ ಹೊಟ್ಟೆಯಲ್ಲಿ ಮಾಹಿತಿ

ನಿಜವಾದ ಬಲ ಇರೋದು ಇಲ್ಲಿ. ಆಕೃತಿಯ ಮೇಲೆ 'ಎಡಿಟ್ ಡೇಟಾ' ಒತ್ತಿದರೆ ನಮಗೆ ಬೇಕಾದ ಕಲಂಗಳನ್ನು ಸೇರಿಸಬಹುದು. ಯಾವ ಕಲಂ ಬೇಕು ಅನ್ನೋದೇ ರಾಜಕೀಯ ತೀರ್ಮಾನ.

ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. 1953ರಲ್ಲಿ ಅಣೆಕಟ್ಟು ಮುಗಿದಾಗ ಇದ್ದ ಯೋಜನೆಯೇ ಬೇರೆ: ಬರದ ನಾಡಿಗೆ ಸ್ವಲ್ಪ ನೀರನ್ನು ಹೆಚ್ಚು ಜಮೀನಿಗೆ ಹಂಚಬೇಕು, ಬಹುಪಾಲು ಹೊಲಗಳಲ್ಲಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಇರಬೇಕು. ಯಾವ ಜಮೀನಿಗೆ ಯಾವ ಬೆಳೆ ಎಂದು ನಿಗದಿಯೂ ಆಯಿತು. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಇವತ್ತು ಸಿಂಧನೂರು ಅಂದರೆ ಭತ್ತ. ಕೆಳಗಿನ ಮಾನ್ವಿ, ರಾಯಚೂರು ಕಡೆಯವರು ಕಾಯುತ್ತಾ ಕೂತರು.

ಹಾಗಾಗಿ ತೂಬಿನ ಆಕೃತಿಯಲ್ಲಿ 'ನಿಗದಿಯಾದ ಬೆಳೆ', 'ಈಗಿನ ಬೆಳೆ', 'ಬಿಡಬೇಕಾದ ನೀರು', 'ಅಳೆದ ನೀರು', 'ಅಳೆದ ದಿನಾಂಕ' ಎಂಬ ಐದು ಕಲಂ ಇರಲಿ. ಭತ್ತ ಬೆಳೆದವನನ್ನು ಕಳ್ಳ ಎನ್ನುವುದು ಇದರ ಉದ್ದೇಶವಲ್ಲ. ಕಾಗದದ ಮೇಲಿನ ಕಾಲುವೆಗೂ ನೆಲದ ಮೇಲಿನ ಕಾಲುವೆಗೂ ಇರುವ ಅಂತರ ಎಲ್ಲಿಂದ ಶುರುವಾಗುತ್ತೆ ಅಂತ ತೋರಿಸುವುದು.

ಆಡ್-ಇನ್ ಏನು ಮಾಡುತ್ತೆ?

ಇನ್ನೂರು ತೂಬುಗಳಿಗೆ ಕೈಯಿಂದ ಬಣ್ಣ ಹಚ್ಚುವುದು ಆಗದ ಮಾತು. ಆಡ್-ಇನ್ ಅಥವಾ ಪ್ಲಗಿನ್ ಅಂದರೆ ತಂತ್ರಾಂಶಕ್ಕೆ ನಾವು ಸೇರಿಸುವ ಪುಟ್ಟ ಪ್ರೋಗ್ರಾಂ. ಡ್ರಾ.ಐಒಗೆ ಅದನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆಯುತ್ತಾರೆ. ಅದರ ಕೆಲಸ ಸರಳ: ಪ್ರತಿ ತೂಬಿನ ಹತ್ತಿರ ಹೋಗು, ಅಳೆದ ನೀರು ಬಿಡಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇದ್ದರೆ ಕೆಂಪು ಮಾಡು, ದಿನಾಂಕವೇ ಇಲ್ಲದಿದ್ದರೆ ಬೂದು ಮಾಡು. ಕೋಡ್ ಬರದವರಿಗೂ ದಾರಿ ಇದೆ. ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ ಆಗಿ ಉಳಿಸಿ, ಇಂಪೋರ್ಟ್ ಮಾಡುವಾಗ ಯಾವ ಕಲಂಗೆ ಯಾವ ರೂಪ ಅಂತ ಹೇಳಿದರೆ ಚಿತ್ರ ತಾನೇ ಮೂಡುತ್ತೆ.

ಇನ್ನೂ ಇಲ್ಲದ ಕಾಲುವೆಗೂ ಒಂದು ಆಕೃತಿ

ಲಿಂಗಸುಗೂರು ಕಡೆಗೆ ಬರುವುದು ಕೃಷ್ಣೆಯ ನೀರು, ನಾರಾಯಣಪುರ ಬಲದಂಡೆ ಕಾಲುವೆಯಿಂದ. ಸಿಂಧನೂರಿಗೆ ತುಂಗಭದ್ರೆ. ನಡುವಿನ ಮಸ್ಕಿಯಲ್ಲಿ ಪಾಮನಕಲ್ಲೂರು ಭಾಗದ ರೈತರು ನಾರಾಯಣಪುರದ 5ಎ ಶಾಖಾ ಕಾಲುವೆಗಾಗಿ ಧರಣಿ ಕೂತರು. 2021ರ ಏಪ್ರಿಲ್‌ನಲ್ಲಿ ನಡೆದ ಮಸ್ಕಿ ಉಪಚುನಾವಣೆಯಲ್ಲಿ ಅದು ದೊಡ್ಡ ವಿಷಯವೇ ಆಗಿತ್ತು. ಇಂಥ ಬೇಡಿಕೆ ಸರ್ಕಾರಿ ಲೈನ್ ಡಯಾಗ್ರಾಂನಲ್ಲಿ ಕಾಣಲ್ಲ, ಯಾಕಂದರೆ ಅದು ಇರುವುದನ್ನು ಮಾತ್ರ ತೋರಿಸುತ್ತೆ. ನಮ್ಮ ಲೈಬ್ರರಿಯಲ್ಲಿ 'ಬೇಡಿಕೆಯ ಕಾಲುವೆ'ಗೆ ಚುಕ್ಕಿ ಗೆರೆಯ ಆಕೃತಿ ಇರಬಹುದು. ಅದರೊಳಗೆ ಕೇಳಿದ ವರ್ಷ, ಯಾರು ಏನು ಭರವಸೆ ಕೊಟ್ಟರು, ಯಾವ ದಿನ ಎಂಬ ಕಲಂಗಳು.

ಒಂದು ಎಚ್ಚರಿಕೆ. ಚಿತ್ರ ಚೆನ್ನಾಗಿ ಕಂಡಷ್ಟೂ ಜನ ಬೇಗ ನಂಬುತ್ತಾರೆ, ತಪ್ಪು ಅಂಕಿ ಇದ್ದರೂ. ಆದ್ದರಿಂದ ಬಿಡಬೇಕಾದ ನೀರಿನ ಅಂಕಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ, ಹರಿದ ನೀರನ್ನು ಗೇಜ್ ಹತ್ತಿರ ನಿಂತು ಫೋಟೊ ಸಮೇತ ದಾಖಲಿಸಿ, ಗೊತ್ತಿಲ್ಲದ್ದನ್ನು ಬೂದು ಬಣ್ಣದಲ್ಲೇ ಬಿಡಿ. ಮುಂದಿನ ಸಲ ನೀರಾವರಿ ಸಲಹಾ ಸಮಿತಿ ಸಭೆ ಸೇರುವ ಮೊದಲು ಈ ಹಾಳೆ ನಿಮ್ಮ ಶಾಸಕರ ಮೇಜಿನ ಮೇಲಿರಲಿ. 'ಪರಿಶೀಲಿಸುತ್ತೇವೆ' ಎಂದರೆ ಯಾವ ತೂಬನ್ನು, ಯಾವತ್ತು ಅಂತ ಅಲ್ಲೇ ಬೆರಳಿಟ್ಟು ಕೇಳಬಹುದು.